ನಾನು ಸರ್ವರ್ ಹಾಕಿದ ಭಾನುವಾರ

ಒಂದೇ ಒಂದು ಸಾಲಿನ ಕೆಲಸ. ಎರಡೇ ನಿಮಿಷದಲ್ಲಿ ಮುಗಿಸಿಬಿಡುತ್ತೇನೆಂದು ಹೆಂಡತಿಯ ಎದುರು ಎದೆಯುಬ್ಬಿಸಿ ಘೋಷಿಸಿದೆ. ಆಫೀಸಿನಲ್ಲಿ ಪ್ರಿಂಟರ್ ಮುಷ್ಕರ ಹೂಡಿದರೆ ಮ್ಯಾನೇಜರೇ ನನ್ನ ಮೇಜಿನ ಬಳಿ ಬಂದು ನಿಲ್ಲುತ್ತಾರೆ. ಅಂಥ ಮಹಾಪುರುಷನಿಗೆ ಮನೆಯಲ್ಲೊಂದು ಸರ್ವರ್ ಹಾಕುವುದು ಯಾವ ಮಹಾ!

ನನ್ನವಳು ಟೈಲರ್. ನಾಲ್ಕು ತಿಂಗಳಿಂದ ಕೋಡಿಂಗ್ ಕ್ಲಾಸಿಗೆ ಹೋಗಿ, ತನ್ನ ಅಂಗಡಿಗೆ ತಾನೇ ಒಂದು ವೆಬ್ ಪುಟ ಮಾಡಿದ್ದಳು. ಆ ಭಾನುವಾರ ಊಟಕ್ಕೆ ಅವಳ ಅಣ್ಣ ಬರುವವರಿದ್ದರು. ಹಲ್ಲಿನ ಡಾಕ್ಟರು; ‘ಈ ವಯಸ್ಸಲ್ಲಿ ನಿನಗ್ಯಾಕಮ್ಮ ಇದೆಲ್ಲ’ ಎಂದು ಫೋನಿನಲ್ಲಿ ನಕ್ಕಿದ್ದವರು. ಅವರ ಫೋನಿನಲ್ಲೇ ತನ್ನ ಪುಟ ತೆರೆಯಬೇಕು, ಅವರು ನೋಡಬೇಕು ಎಂಬುದು ಅವಳ ಆಸೆ. ಕಂಪ್ಯೂಟರಿನಲ್ಲಿರುವ ಆ ಪುಟವನ್ನು ಮನೆಯ ವೈಫೈಯಲ್ಲಿರುವ ಬೇರೆ ಫೋನುಗಳಿಗೂ ತೋರಿಸಲು ಒಂದು ಪುಟ್ಟ ಸರ್ವರ್ ಶುರು ಮಾಡಬೇಕಿತ್ತು, ಅಷ್ಟೇ.

“ನಾನೇ ಮಾಡ್ತೀನಿ ರೀ, ಕ್ಲಾಸಲ್ಲಿ ಹೇಳ್ಕೊಟ್ಟಿದ್ದಾರೆ.”

“ನೀನು ಅಡುಗೆ ನೋಡ್ಕೋ. ಇದನ್ನ ನನಗೆ ಬಿಡು.”

“ಮೊದಲು ನನ್ನ ಫೋಲ್ಡರ್ ಒಳಗೆ ಹೋಗಿ, ಆಮೇಲೆ...”

“ಗೊತ್ತು ಕಣೇ.”

ಗೊತ್ತಿರಲಿಲ್ಲ.

ಭಾವ ಬಂದು ಸೋಫಾದಲ್ಲಿ ಕೂತರು. ನಾನು ಆ ಒಂದು ಸಾಲು ಟೈಪ್ ಮಾಡಿ, ಯುದ್ಧ ಗೆದ್ದವನಂತೆ ಎಂಟರ್ ಒತ್ತಿ, ‘ಲೋಕಲ್‌ಹೋಸ್ಟ್’ ಎಂಬ ವಿಳಾಸ ಹೇಳಿದೆ.

“ಏನೂ ಬರ್ತಿಲ್ಲವಲ್ರೀ.”

“ನಿಮ್ಮ ಫೋನ್ ಹಳೇದಿರಬೇಕು.”

“ಹೋದ ವಾರ ತಗೊಂಡಿದ್ದು.”

ಅಡುಗೆಮನೆಯಿಂದ ದನಿ ಬಂತು: “ರೀ, ಲೋಕಲ್‌ಹೋಸ್ಟ್ ಅಂದ್ರೆ ಆಯಾ ಯಂತ್ರವೇ. ಅಣ್ಣನ ಫೋನು ತನ್ನೊಳಗೇ ಹುಡುಕ್ತಾ ಕೂತಿದೆ. ನಮ್ಮ ಕಂಪ್ಯೂಟರಿನ ನಂಬರ್ ಕೊಡಿ.”

ಅದು ನನಗೂ ಹೊಳೆದಿತ್ತು ಎಂಬಂತೆ ಮುಖ ಮಾಡಿಕೊಂಡು ನಂಬರ್ ಹುಡುಕಿ ಕೊಟ್ಟೆ.

“ಹಾಂ, ಬಂತು. ಆದ್ರೆ ಇದೇನೋ ಪಟ್ಟಿ ಇದೆಯಲ್ಲ. ‘ತೂಕ ಇಳಿಸುವ ಯೋಜನೆ, ಮೂರನೇ ಸಲ’. ‘ರಾಜೀನಾಮೆ, ಇನ್ನೂ ಕೊಟ್ಟಿಲ್ಲ’. ‘ನನ್ನವಳ ಕೋಡಿಂಗ್ ಜೋಕುಗಳು’...”

ಅವಳ ಫೋಲ್ಡರಿನೊಳಗೆ ಹೋಗದೆ, ನನ್ನ ಕಡತಗಳೆಲ್ಲ ಬಿದ್ದಿರುವ ಜಾಗದಲ್ಲೇ ಸರ್ವರ್ ಶುರು ಮಾಡಿದ್ದೆ. ಗಾಬರಿಯಲ್ಲಿ ಮಾನಿಟರ್ ಆರಿಸಿದೆ. ಪರದೆ ಆರಿತು, ಸರ್ವರ್ ಆರಲಿಲ್ಲ. ಭಾವ ಆಗಲೇ ಆ ಜೋಕುಗಳ ಕಡತ ತೆರೆದು ಗಟ್ಟಿಯಾಗಿ ಓದುತ್ತಿದ್ದರು.

“‘ಒಂದು ಸೆಮಿಕೋಲನ್ ಹುಡುಕಲು ಇವಳಿಗೆ ಇಡೀ ಸಂಜೆ ಬೇಕಾಯಿತು. ಬಿದ್ದದ್ದು ಸೂಜಿಯಾಗಿದ್ದರೆ ಸಿಕ್ಕಿರುತ್ತಿತ್ತು.’ ಚೆನ್ನಾಗಿದೆ ಕಣ್ರೀ!”

ಹೆಂಡತಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಇದನ್ನೆಲ್ಲ ಯಾರಿಗೆ ಹೇಳ್ತಿದ್ರಿ?”

“ಆಫೀಸಲ್ಲಿ... ಟೀ ಕುಡಿಯುವಾಗ... ಸುಮ್ನೆ ತಮಾಷೆಗೆ.”

“ಎಲ್ರೂ ನಗ್ತಿದ್ರಾ?”

ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನೂ ದಿನಕ್ಕೊಂದು ಹೊಸದು ಕೊಂಡೊಯ್ಯುತ್ತಿದ್ದೆ. ಆ ಸೆಮಿಕೋಲನ್ ಸಿಕ್ಕ ಸಂಜೆ ಅವಳು ಸಂತೋಷದಿಂದ ಮೊದಲು ಓಡಿ ಬಂದದ್ದು ನನ್ನ ಬಳಿಗೇ. ಅದು ನೆನಪಾಗಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವಳು ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. ಮಾನಿಟರ್ ಹಾಕಿ, ಸರ್ವರ್ ನಿಲ್ಲಿಸಿ, ತನ್ನ ಫೋಲ್ಡರಿನೊಳಗೆ ಹೋಗಿ, ಮತ್ತೆ ಶುರು ಮಾಡಿದಳು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಭಾವನ ಫೋನಿನಲ್ಲಿ ಅಂಗಡಿಯ ಹೆಸರು, ಅವಳು ಹೊಲಿದ ಬಟ್ಟೆಗಳ ಚಿತ್ರ, ಅಳತೆ ಬರೆಯುವ ಜಾಗ, ಎಲ್ಲವೂ ಒಪ್ಪವಾಗಿ ಮೂಡಿದವು. ಭಾವನ ನಗು ನಿಂತಿತು.

“ಇಷ್ಟೂ ನೀನೇ ಮಾಡಿದ್ದಾ? ನಾನು ಸುಮ್ಸುಮ್ನೆ ಏನೇನೋ ಅಂದ್ಬಿಟ್ಟೆ ಕಣಮ್ಮ.”

ಅವಳ ಕಣ್ಣು ತುಂಬಿತು. ಭಾವ ಪುಟದ ಕೊನೆಯವರೆಗೂ ಹೋದರು.

“ಕೆಳಗೆ ಇನ್ನೇನೋ ಬರೆದಿದ್ದೀಯ. ‘ಒಂದು ದಿನವೂ ನನ್ನನ್ನು ನೋಡಿ ನಗದೆ, ಕಲಿಯಲು ಧೈರ್ಯ ಕೊಟ್ಟ ನನ್ನ ಯಜಮಾನರಿಗೆ ಈ ಪುಟ ಅರ್ಪಣೆ.’”

ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವಳು ನನ್ನ ಕಡೆ ತಿರುಗಲೂ ಇಲ್ಲ. ಪುಟದ ಕಡತ ತೆರೆದು, ಕೀಬೋರ್ಡಿನ ಮೇಲೆ ಒಂದೆರಡು ಕೀಲಿ ಒತ್ತಿದಳು.

“ಅಣ್ಣ, ಒಂದ್ಸಲ ರಿಫ್ರೆಶ್ ಮಾಡು.”

ಭಾವ ಮಾಡಿದರು.

“ಅರೆ, ಆ ಸಾಲು ಎಲ್ಲಿ ಹೋಯ್ತು?”

“ಹೋಯ್ತಾ? ಹಾಗಾದ್ರೆ ಸರ್ವರ್ ಸರಿಯಾಗಿ ಕೆಲಸ ಮಾಡ್ತಿದೆ.”