ಇಲಿಮನೆಯಲ್ಲಿ ಆರು ತಿಂಗಳು

ನಮ್ಮ ಇಲಿಮನೆಯಲ್ಲಿ ಗೊಂದಲಕ್ಕೆ ಬರಗಾಲವೇ ಇಲ್ಲ. ಒಂದನ್ನು ಬಿಡಿಸಿ ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನಾನು ತೊಂಡೇಬಾವಿಯ ಸೊಸೆ. ಕುಡುಮಲಕುಂಟೆ ಕಡೆಯ ಒಂದು ಲ್ಯಾಬಿನಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತೇನೆ. ಮನುಷ್ಯರಿಗೆ ಬರುವಂಥ ರಕ್ತದ ಕಾಯಿಲೆಗಳೇ ಬರಲಿ ಎಂದು ಬೆಳೆಸಿದ ಇಲಿಗಳು ಅವು. ಔಷಧಿ ಹುಡುಕುವ ಸಂಶೋಧಕರು ಊರಿಗೊಂದು ಇಲಿಮನೆ ಕಟ್ಟಿಕೊಳ್ಳಲಾರರು. ಹಾಗಾಗಿ ಎಲ್ಲರಿಗೂ ಸೇರಿ ನಮ್ಮದೊಂದೇ.

ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಅಂದಿದ್ದರು. ಕಾಯಂ ಆಗಲಿ ಎಂದು ನಾನು ಹೊರದ ಹರಕೆಯಿಲ್ಲ. ಇವೆಲ್ಲ ಆ ಆರು ತಿಂಗಳಲ್ಲಿ ನಡೆದದ್ದು.

೧. ಮಾವನ ಬೆಳೆ

ಶಿಡ್ಲಘಟ್ಟದ ನನ್ನ ಸೋದರಮಾವ ರೇಷ್ಮೆ ಹುಳ ಸಾಕುವವರು. ನಂದಿಯಲ್ಲಿ ಒಂದು ಮದುವೆ ಊಟಕ್ಕೆ ಪಕ್ಕದಲ್ಲೇ ಕೂತಿದ್ದರು. ಏನಮ್ಮ ನಿನ್ನ ಕೆಲಸ ಎಂದು ವಿಚಾರಿಸಿದರು. ಸ್ನಾನ ಮಾಡಿಯೇ ಒಳಗೆ ಹೋಗಬೇಕು, ಹೊರಗಿನವರನ್ನು ಬಿಡುವುದಿಲ್ಲ, ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು ಎಂದೆ.

“ನಮ್ಮ ಹುಳದ ಮನೆ ಥರಾನೇ ಕಣಮ್ಮ,” ಎಂದು ಮಾವ ಖುಷಿಪಟ್ಟರು. “ಕಾಯಿಲೆ ಬರದ ಹಾಗೆ ಏನ್ ಮಾಡ್ತೀರಾ?”

“ಬರಲಿ ಅಂತಾನೇ ಸಾಕೋದು ಮಾವ. ಬರದಿದ್ರೆ ನಮಗೆ ಕಷ್ಟ.”

ಮಾವ ಕಲಸಿದ ಅನ್ನ ಹಾಗೇ ಬಿಟ್ಟು ನನ್ನ ಮುಖ ನೋಡಿದರು.

“ಕಾಯಿಲೆ ಬರಿಸಿದ್ರೆ ಸಂಬಳ ಕೊಡ್ತಾರಾ? ಹೋದ ಬೆಳೆಯ ಹುಳಕ್ಕೆಲ್ಲ ನಾನು ಬಿಟ್ಟಿಯಾಗಿ ಬರಿಸಿಬಿಟ್ಟೆನಲ್ಲಮ್ಮ!”

೨. ತವರಿಗೆ ಹೋದವರು

ನಮ್ಮಲ್ಲಿ ಚಿಂತಾಮಣಿಯ ಹಿರಿಯರೊಬ್ಬರಿದ್ದಾರೆ. ಗಂಡಿಲಿ ಹೆಣ್ಣಿಲಿಗಳನ್ನು ಜೋಡಿ ಮಾಡಿ ಒಂದೇ ಪಂಜರಕ್ಕೆ ಬಿಡುವುದು ಅವರ ಕೆಲಸ. ಕೈಗುಣ ಎಷ್ಟು ಒಳ್ಳೆಯದೆಂದರೆ, ಮೂರು ವಾರಕ್ಕೆ ಮರಿ ಗ್ಯಾರಂಟಿ.

ಒಂದು ಸಲ ಸಂಶೋಧಕಿಯೊಬ್ಬರು ಫೋನ್ ಮೇಲೆ ಫೋನ್ ಮಾಡಿದರೂ ಅವರು ಕೇಳಿದ್ದ ಮರಿಗಳ ಸುಳಿವೇ ಇಲ್ಲ. ನಮ್ಮ ಡಾಕ್ಟರು ಗಾಬರಿಯಾದರು. ಇಲಿಗಳ ಆರೋಗ್ಯಕ್ಕೂ ನಮ್ಮ ನೌಕರಿಗೂ ಅವರೇ ದಿಕ್ಕು. ಮೇವು ಬದಲಾಯಿಸಿದರು, ನೀರನ್ನು ಪರೀಕ್ಷೆಗೆ ಕಳಿಸಿದರು, ದೀಪ ಜಾಸ್ತಿಯಾಯಿತೇನೋ ಎಂದು ಅದನ್ನೂ ನೋಡಿದರು. ಕೊನೆಗೆ ಪಂಜರಗಳ ಹತ್ತಿರವೇ ಹೋಗಿ ಬಗ್ಗಿ ನೋಡಿದರೆ ಗಂಡೆಲ್ಲ ಒಂದು ಸಾಲು, ಹೆಣ್ಣೆಲ್ಲ ಆ ಕಡೆ ಗೋಡೆಗೆ.

“ಏನ್ರೀ ಇದು?”

“ಆಷಾಢ ಕದಾ ಸಾರ್, ಆಷಾಢ ಅಲ್ವಾ,” ಅಂದರು ಹಿರಿಯರು ತೆಲುಗು ಬೆರೆಸಿ. “ತವರಿಗೆ ಕಳಿಸಿದೀನಿ.”

ಡಾಕ್ಟರ ಮುಖ ನೋಡಿ ಹಿರಿಯರೇ ಸಮಾಧಾನ ಹೇಳಿದರು:

“ಹೊಸ ಜೋಡಿಗಳನ್ನ ಮಾತ್ರ ಸಾರ್. ಹಳೇ ಸಂಸಾರಗಳನ್ನ ನಾನು ಮುಟ್ಟಿಲ್ಲ.”

೩. ಮನೆಯ ಮರ್ಯಾದೆ

ನನ್ನ ಆರು ತಿಂಗಳು ಮುಗಿಯುವ ಹೊತ್ತಿಗೆ ಒಂದು ಫಾರಂ ಬಂತು. ‘ನಿಮ್ಮ ಮನೆಯಲ್ಲಿ ಇಲಿ ಇದೆಯೇ?’ ಎಂಬ ಪ್ರಶ್ನೆ ಅದರಲ್ಲಿತ್ತು. ನಮ್ಮ ಲ್ಯಾಬಿನ ಇಲಿಗಳಿಗೆ ರೋಗ ತಡೆಯುವ ಶಕ್ತಿ ಕಡಿಮೆ. ಊರಿನ ಇಲಿಯ ಸೋಂಕು ನಮ್ಮ ಮೈಮೇಲೆ ಒಳಗೆ ಬಂದರೂ ಸಾಕು, ಸಾಲುಸಾಲಾಗಿ ಸಾಯುತ್ತವೆ. ಮನೆಯಲ್ಲಿ ಇಲಿ ಇದ್ದರೆ ಕೆಲಸವಿಲ್ಲ.

ರಾಗಿ ಮೂಟೆ ಇರುವ ಮನೆ ನಮ್ಮದು. ಒಂದು ತಿಂಗಳು ಮೊದಲೇ ನಾನೂ ನನ್ನ ಗಂಡನೂ ಬಿಲಗಳಿಗೆಲ್ಲ ಸಿಮೆಂಟ್ ಮೆತ್ತಿದ್ದೆವು, ರಾಗಿಯನ್ನು ಡ್ರಮ್ಮಿಗೆ ತುಂಬಿದ್ದೆವು. ಧೈರ್ಯವಾಗಿ ‘ಇಲ್ಲ’ ಎಂದು ಬರೆದೆ. ಸಹಿ ಹಾಕುವ ಮೊದಲು ತಾವೇ ಬಂದು ನೋಡುವುದಾಗಿ ಹೇಳಿದರು ಡಾಕ್ಟರು.

ಅತ್ತೆಗೆ ಇಷ್ಟೇ ಹೇಳಿದೆ: “ನಮ್ಮನೇಲಿ ಇಲಿ ಇದೆಯಾ ಅಂತ ನೋಡಕ್ಕೆ ಡಾಕ್ಟರು ಬರ್ತಾರೆ. ನೋಡ್ಕೊಂಡೇ ನನ್ನ ಕೆಲಸ ಕಾಯಂ ಮಾಡೋದು.” ಪೂರ್ತಿ ಹೇಳದಿದ್ದದ್ದು ನನ್ನದೇ ತಪ್ಪು.

ಡಾಕ್ಟರು ಭಾನುವಾರ ಬಂದರು. ಅಟ್ಟ ನೋಡಿದರು, ಡ್ರಮ್ಮಿನ ಹಿಂದೆ ನೋಡಿದರು. “ತುಂಬ ಚೆನ್ನಾಗಿಟ್ಟಿದ್ದೀರಿ, ಒಂದೂ ಇಲ್ಲ,” ಎಂದು ಕೂತು ಪೆನ್ನು ತೆಗೆದರು.

“ಇಲ್ಲ ಅಂತ ಬರೀಬೇಡಿ ಸ್ವಾಮಿ!” ಅತ್ತೆ ಅಡುಗೆಮನೆಯಿಂದ ಓಡಿಬಂದರು. “ರಾಗಿ ಬೆಳೆಯೋ ಮನೇಲಿ ಇಲಿ ಇಲ್ಲ ಅಂದ್ರೆ ಮರ್ಯಾದೆನಾ? ನಮಗೇನು ಕಾಳಿಗೆ ಗತಿಯಿಲ್ವಾ?”

ಸೆರಗಿನ ಮರೆಯಲ್ಲಿದ್ದ ಇಲಿಬೋನನ್ನು ಡಾಕ್ಟರ ತೊಡೆಯ ಮೇಲೆ ಇಟ್ಟೇಬಿಟ್ಟರು. ಒಳಗೆ ಕೊಬ್ಬಿದ ಒಂದು ಇಲಿ. ಅಭ್ಯಾಸಬಲದಿಂದ ಡಾಕ್ಟರು ಎರಡೂ ಕೈಯಲ್ಲಿ ಬೋನನ್ನು ಹಿಡಿದುಕೊಂಡರು.

ನನ್ನ ಆರು ತಿಂಗಳು ನೀರಿನಲ್ಲಿ ಹೋಮ. ತಡೆಯಲಾರದೆ ಅತ್ತೇಬಿಟ್ಟೆ. “ಇದೆಲ್ಲಿಂದ ಬಂತು ಅತ್ತೆ? ಒಂದು ಬಿಲಾನೂ ಬಿಟ್ಟಿರಲಿಲ್ಲವಲ್ಲ!”

ಅತ್ತೆ ಕಕ್ಕಾಬಿಕ್ಕಿಯಾದರು. “ಅಳಬೇಡ ಕಣೇ. ಇಲಿ ಇಲ್ದಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ತಾನೇ ಇಷ್ಟೆಲ್ಲ? ಮೂರು ದಿನ ಬೋನಿಟ್ರೂ ನಮ್ಮನೇಲಿ ಒಂದೂ ಬೀಳಲಿಲ್ಲ. ಎದುರುಮನೆಯಿಂದ ಬೋನು ಸಮೇತ ಇಸ್ಕೊಂಡ್ ಬಂದೆ.”

ಡಾಕ್ಟರು ಇಲಿಯನ್ನು ನೋಡಿದರು, ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬೋನಿನ ಮೇಲೇ ಫಾರಂ ಇಟ್ಟು ಬರೆದರು: ‘ಈ ಮನೆಯಲ್ಲಿ ಇಲಿ ಇಲ್ಲ. ಬೇಕೆಂದು ಹುಡುಕಿದರೂ ಸಿಗುವುದಿಲ್ಲ.’ ಕೆಳಗೆ ಸಹಿ.

“ಹೊರಗಿನ ಇಲಿ ಹತ್ತಿರ ಹೋದವರು ಏಳು ದಿನ ಒಳಗೆ ಬರೋ ಹಾಗಿಲ್ಲ,” ಎಂದು ನಿಟ್ಟುಸಿರು ಬಿಟ್ಟರು. “ನೀವೂ ಹೊರಗೆ, ನಾನೂ ಹೊರಗೆ. ಎಂಟನೇ ದಿನ ಬನ್ನಿ, ಕೆಲಸ ಕಾಯಂ.”

ಇನ್ನೂ ಗಲಿಬಿಲಿಯಲ್ಲೇ ಎದ್ದು, ಬೋನು ಹಿಡಿದುಕೊಂಡೇ ಕಾರಿನತ್ತ ನಡೆದರು. ಅತ್ತೆ ಹಿಂದೆಯೇ ಓಡಿದರು.

“ಸ್ವಾಮಿ, ಸ್ವಾಮಿ! ಇಲಿ ಬೇಕಾದ್ರೆ ತಗೊಂಡ್ಹೋಗಿ. ಬೋನು ಮಾತ್ರ ವಾಪಸ್ ಕೊಡಬೇಕಂತೆ!”