ಬಚ್ಚಲುಮನೆಯ ಇಂಗ್ಲಿಷ್ ನವಿಲು

ತಿಪಟೂರಿನ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರ ಬಚ್ಚಲ ಗೋಡೆಯಲ್ಲೊಂದು ನವಿಲಿದೆ ಎಂಬುದು, ದಿನಾ ಅದರೆದುರೇ ಮೈ ತೊಳೆಯುತ್ತಿದ್ದ ಅವರಿಗೂ ಗೊತ್ತಿರಲಿಲ್ಲ. ಹಬ್ಬಕ್ಕೆಂದು ಹೆಂಡತಿ ಶಿವರುದ್ರಮ್ಮ ಮಸಿ ಉಜ್ಜಿದಾಗ, ಗೇಣಗಲದ ಟೈಲಿನ ಮೇಲೆ ತಾಮ್ರದ ಹೊಳಪಿನ ಕೆಂಪು ನವಿಲು ಎದ್ದು ಕೂತಿತು. ಸದಾಶಿವಯ್ಯನವರ ಅಪ್ಪ ಯಾವುದೋ ಇಂಗ್ಲಿಷ್ ದೊರೆಯ ಬಂಗಲೆಯ ಹರಾಜಿನಲ್ಲಿ ತಂದದ್ದು.

ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕಿದ್ದ, ಮನೆಗೆ ಬಂದ ನೆಂಟರ ಹುಡುಗಿ ಗಿರಿಜಾಂಬಿಕಾ ಅದನ್ನು ನೋಡಿ ಸ್ನಾನವನ್ನೇ ಮರೆತಳು. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕಾರ್ಖಾನೆ ಮಾಲು ಬೇಡವೆಂದ ಕೆಲವರು ಕೈಯಾರೆ ಬರೆದು ಸುಟ್ಟ ಟೈಲಂತೆ ಅದು. ಅದನ್ನು ಒಯ್ಯಲು ಸೋಮವಾರ ಸಂಜೆ ಜೀಪು ತರುವುದಾಗಿಯೂ, ಮ್ಯೂಸಿಯಮ್ಮಿನಲ್ಲಿ ದಾನಿಗಳ ಹೆಸರಿನ ಬೋರ್ಡು ಹಾಕಿಸುವುದಾಗಿಯೂ ಹೇಳಿಹೋದಳು. ಸದಾಶಿವಯ್ಯ ಇಡೀ ಬೀದಿಗೆ ಸುದ್ದಿ ಹಂಚಿದರು.

ಹಾಗಾಗಿ ಸೋಮವಾರ ಬೆಳಗ್ಗೆ ಟೈಲು ಕೀಳಲು ಇಡೀ ಬೀದಿಯೇ ಬಚ್ಚಲಿಗೆ ಬಂತು. ಎದುರುಮನೆ ನಿಂಗಮ್ಮ ಬಿಸಿನೀರು ಹೊಯ್ದರೆ ಗಾರೆ ಸಡಿಲವಾಗುತ್ತದೆಂದು ಒಂದು ಹಂಡೆ ಹೊಯ್ದರು. ಪಕ್ಕದ ಮನೆಯ ಮಲ್ಲಿಕಾರ್ಜುನಯ್ಯ ಮೆತ್ತಗೆ ಮೀಟಬೇಕೆಂದು ಹಾರೆ ತಂದರು. ಮೆತ್ತಗೇ ಮೀಟಿದರು. ನವಿಲು ಹಪ್ಪಳದಂತೆ ಹದಿನಾಲ್ಕು ಚೂರಾಯಿತು. ಸದಾಶಿವಯ್ಯ ಚೂರುಗಳನ್ನೆಲ್ಲ ಹಿತ್ತಲ ಬಾವಿಗೆ ಸುರಿದು, ಲಾರಿಗಳಿಗೆ ಬಣ್ಣ ಬರೆಯುವ ದುರ್ಗಯ್ಯನ ಶೆಡ್ಡಿಗೆ ಓಡಿದರು.

ಟೈಲು ಸಿಗದೆ ದುರ್ಗಯ್ಯ ಸಿಮೆಂಟು ಚಪ್ಪಡಿಯೊಂದರ ಮೇಲೆ ಕೆಂಪು ನವಿಲು ಬರೆದ. ಅದರೊಂದಿಗೆ ಅವನು ಮನೆ ತಲುಪುವ ಹೊತ್ತಿಗೆ ಜೀಪೂ ಬಂದಿತ್ತು. ಗಿರಿಜಾಂಬಿಕಾ ಚಪ್ಪಡಿಗೆ ಹೊದಿಸಿದ್ದ ಮುಸುಕು ತೆಗೆದಳು. ನವಿಲಿನ ಕೆಳಗೆ ಹಳದಿ ಅಕ್ಷರದಲ್ಲಿ ‘ಹಾರನ್ ಮಾಡಿ’ ಎಂದಿತ್ತು.

"ನವಿಲು ಬರುದ್ ಮ್ಯಾಲೆ ಕೈ ಸುಮ್ಕಿರಾಕಿಲ್ಲ ಸಾವ್ಕಾರ್ರೆ," ಎಂದ ದುರ್ಗಯ್ಯ.

ಸದಾಶಿವಯ್ಯ ತಲೆ ತಗ್ಗಿಸಿ ನಡೆದದ್ದೆಲ್ಲ ಒಪ್ಪಿಕೊಂಡರು. ಆಕೆ ಸಿಟ್ಟಾಗಲಿಲ್ಲ.

"ಒಡೆದ್ರೇನು ಮಾವ, ನಾವು ಅಂಟಿಸ್ತಿದ್ವಿ. ಮ್ಯೂಸಿಯಮ್ಮಲ್ಲಿರೋದ್ರಲ್ಲಿ ಅರ್ಧ ಅಂಟಿಸಿದ್ದೇ. ಚೂರು ಎಲ್ಲಿ?"

ಸದಾಶಿವಯ್ಯ ಬಾವಿಯ ಕಡೆ ನೋಡಿದರು. ಕಡು ಬೇಸಿಗೆಯಲ್ಲೂ ಬತ್ತದ ಬಾವಿ ಅದು.

ಆಕೆ ಚಪ್ಪಡಿಯತ್ತ ಬಾಗಿ ಬಹಳ ಹೊತ್ತು ನೋಡಿದಳು. ಆ ಇಂಗ್ಲಿಷರು ಬಯಸಿದ್ದೂ ಇಂಥ ಕೈಕೆಲಸವನ್ನೇ, ಇದನ್ನೇ ಒಯ್ಯುತ್ತೇನೆ ಎಂದಳು. ಸದಾಶಿವಯ್ಯನವರ ಮುಖ ಅರಳಿತು. ಬೋರ್ಡಿನಲ್ಲಿ ತಮ್ಮ ಹೆಸರಿನ ಮುಂದೆ ಶ್ರೀಯುತ ಅಂತಿರಲಿ ಎಂದರು.

"ಬರೆದೋರ ಹೆಸರು ಹಾಕ್ತೀವಿ ಮಾವ," ಎನ್ನುತ್ತ ಗಿರಿಜಾಂಬಿಕಾ, ಚಪ್ಪಡಿ ಎತ್ತಲು ಬಗ್ಗಿದ ದುರ್ಗಯ್ಯನನ್ನು ತಡೆದಳು. "ನೀವು ಬಿಡಿ, ಆ ಕೈಗೆ ಪೆಟ್ಟಾಗಬಾರದು. ಮಾವ, ನೀವೊಂಚೂರು ಜೀಪಿಗೆ ಹೊತ್ಕೊಂಡು ಬನ್ನಿ."