ದೊರೆಯ ಹಲ್ಲು, ಅತ್ತೆಯ ನಗು

ನಮ್ಮ ಅತ್ತೆ ಬಾಯಿ ಬಿಟ್ಟು ನಕ್ಕಿದ್ದನ್ನು ಕಂಡವರು ಅರಸೀಕೆರೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು! ಸೊಸೆಯಾದ ನನಗಂತೂ ಆ ಭಾಗ್ಯ ಸಿಕ್ಕಿರಲಿಲ್ಲ. ಹಾಗೆಂದು ಅವರು ಸಿಡುಕಿ ಎಂದುಕೊಳ್ಳಬೇಡಿ. ನಗು ಬಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಬಾಯಿ ಮಾತ್ರ ತೆರೆಯುವುದಿಲ್ಲ. ಕಾರಣ, ಒಳಗಿರುವುದು ಕಟ್ಟಿಸಿದ ಹಲ್ಲು! ಇದು ಮನೆಯವರಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಮನೆಯವರೂ ಗೊತ್ತಿಲ್ಲದವರ ಹಾಗೆ ಇರಬೇಕು. ಬಚ್ಚಲ ಬಾಗಿಲು ಹಾಕಿಕೊಂಡು ಹಲ್ಲು ತೊಳೆದು, ಹಾಕಿಕೊಂಡೇ ಹೊರಗೆ ಬರುತ್ತಾರೆ.

ಇಂಥವರು ಬೆಳಗಾದರೆ ಮಾಡುವ ಮೊದಲ ಕೆಲಸ ಏನು ಗೊತ್ತೆ? ನಾಯಿಯ ಬಾಯಿ ಬಿಡಿಸಿ ಹಲ್ಲುಜ್ಜುವುದು!

ನಾಯಿಯ ಹೆಸರು ದೊರೆ. ಜಾವಗಲ್ಲಿನ ತವರಿನಿಂದ ಅತ್ತೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಕಂದು ಬಣ್ಣದ ನಾಡುನಾಯಿ. ತವರಿನಿಂದ ಬಂದದ್ದು ಸೊಟ್ಟ ಚೊಂಬಾದರೂ ಅದಕ್ಕೆ ನಮ್ಮ ಮನೆಯಲ್ಲಿ ಮೇಲಿನ ಗೂಡೇ ಆಗಬೇಕು. ಇನ್ನು ಬಾಲ ಅಲ್ಲಾಡಿಸುವ ಜೀವಕ್ಕೆ ಕೇಳಬೇಕೆ? ದನದ ಡಾಕ್ಟರು ಒಮ್ಮೆ ಸುಮ್ಮನೆ, "ಹಲ್ಲಿನ ಮೇಲೆ ಪಾಚಿ ಕಟ್ಟಿದೆ, ದಿನಾ ಉಜ್ಜಿ" ಅಂದಿದ್ದೇ ತಡ, ಅತ್ತೆ ಬ್ರಷ್ ಹಿಡಿದುಬಿಟ್ಟರು.

"ಈ ಅನ್ನು ದೊರೆ, ಈ..." ಎಂದು ಪುಸಲಾಯಿಸುತ್ತಾರೆ. ದೊರೆ ಆಕಾಶ ನೋಡುತ್ತಾನೆ. ತಾವೇ ಮಾಡಿ ತೋರಿಸೋಣವೆಂದರೆ ಬಾಯಿ ತೆರೆಯುವಂತಿಲ್ಲವಲ್ಲ! ಆಗ ಒಳಗಿರುವ ನನಗೆ ಕರೆ.

"ಬಾರೇ ಇಲ್ಲಿ. ಒಂದ್ಸಲ ಈ ಅನ್ನು, ನೋಡಿ ಕಲೀಲಿ."

ಎಂ.ಎ. ಓದಿದ ನಾನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ನಾಯಿಯ ಮುಖಕ್ಕೆ ಮುಖ ಕೊಟ್ಟು ಹಲ್ಲು ಕಿರಿಯಬೇಕು. ಒಂದು ದಿನ ಹಾಲಿನವನು ಇದನ್ನು ನೋಡಿ, ಗೇಟಿನ ಆಚೆಯೇ ಹಾಲಿನ ಪಾಕೆಟ್ ಇಟ್ಟು ಬಿರಬಿರನೆ ನಡೆದ. ಇವತ್ತಿಗೂ ಅವನು ಗೇಟು ದಾಟುವುದಿಲ್ಲ.

ಪೇಸ್ಟಿನದು ಇನ್ನೊಂದು ರಾಮಾಯಣ. ಮೊದಲು ನಮ್ಮ ಪೇಸ್ಟನ್ನೇ ಹಾಕಿದರು. ಡಾಕ್ಟರು ಗಾಬರಿಯಾಗಿ, "ಅಮ್ಮ, ನಾವಾದ್ರೆ ಉಗಿತೀವಿ, ಅದು ನುಂಗುತ್ತೆ. ಮನುಷ್ಯರ ಪೇಸ್ಟು ಬೇಡವೇ ಬೇಡ" ಎಂದರು. ಅಂಗಡಿಯಲ್ಲಿ ನಾಯಿಯ ಪೇಸ್ಟು ಸಿಕ್ಕಿತು. ಆದರೆ ಕೋಳಿ ಮಾಂಸದ ರುಚಿಯದು! ನಮ್ಮದೋ ಮೊಟ್ಟೆಯೂ ಹೊಸಿಲು ದಾಟದ ಮನೆ. ಅತ್ತೆ ಟ್ಯೂಬನ್ನು ತುದಿಬೆರಳಲ್ಲಿ ಹಿಡಿದು ಅಂಗಡಿಯವನನ್ನು ಕೇಳಿದರು:

"ಹುಳ್ಳಿಕಾಳು ಸಾರಿನ ರುಚೀದು ಬರಲ್ವೇನಪ್ಪಾ?"

ಬರುವುದಿಲ್ಲವಂತೆ. ಕೊನೆಗೆ ಅದನ್ನೇ ತಂದರು. ಆ ಪೇಸ್ಟಿಗೆ ಹಿತ್ತಲ ತೆಂಗಿನ ಮಟ್ಟೆ ರಾಶಿಯ ಮೇಲೆ ವಾಸ. ಉಜ್ಜಿ ಮುಗಿದ ಮೇಲೆ ಅತ್ತೆಗೆ ತಲೆಗೆ ಸ್ನಾನ.

ಹಲ್ಲಿಗೆ ಮೆತ್ತಿಕೊಳ್ಳುತ್ತದೆಂದು ದೊರೆಗೆ ಮುದ್ದೆಯೂ ಬಂದ್ ಆಯಿತು. ಮುದ್ದೆ ಅಂದೆನಲ್ಲ, ನನ್ನ ಮಾನ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಮಲೆನಾಡಿನ ಅರೇಹಳ್ಳಿ ಕಡೆಯವಳು, ಕಡುಬು ತಿಂದು ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಮುದ್ದೆಯನ್ನು ಚೆನ್ನಾಗಿ ಅಗಿದು ತಿನ್ನುತ್ತಿದ್ದೆ. ಊಟಕ್ಕೆ ಕೂತವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಅಗೀಬಾರ್ದು ಕಣೇ, ಸಾರಲ್ಲಿ ಅದ್ದಿ ನುಂಗ್ಬೇಕು" ಎಂದು ಅತ್ತೆ ಸೆರಗು ಅಡ್ಡ ಹಿಡಿದು ನಕ್ಕಿದ್ದರು. ಎಷ್ಟು ವರ್ಷವಾದರೂ ನನಗದು ಬರಲಿಲ್ಲ. ಈಗಲೂ ಗೋಡೆ ಕಡೆ ತಿರುಗಿ ಕದ್ದು ಅಗಿಯುತ್ತೇನೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಅಲ್ಲ ಅತ್ತೆ, ಒಂದು ನಾಯಿ ಹಲ್ಲಿಗೆ ಇಷ್ಟೆಲ್ಲ ಒದ್ದಾಡ್ತೀರಲ್ಲ, ಯಾಕೆ?"

ಅತ್ತೆ ಬ್ರಷ್ ಕೊಡವುತ್ತ ಹೇಳಿದರು: "ಅದಕ್ಕೆ ನೋಯ್ತೈತೆ ಅಂತ ಹೇಳಕ್ ಬರಲ್ಲ ಕಣೇ. ನಂಗೆ ಬತ್ತಿತ್ತು, ಹೇಳ್ದೆ. ಲವಂಗ ಇಟ್ಕೊಂಡು ಕೆಲಸ ನೋಡು ಅಂದ್ರು ಮನೇಲಿ. ಒಂದೊಂದೇ ಉದುರೋಯ್ತು."

ಮಾರನೆಯ ದಿನ ಕರೆ ಬರುವ ಮೊದಲೇ ಹೋಗಿ ದೊರೆಯ ಮುಂದೆ ಹಲ್ಲು ಕಿರಿದು ಕೂತೆ.

ದೊರೆಗೆ ವಯಸ್ಸಾಯಿತು. ಕಡಿಯಲು ಏನಾದರೂ ಕೊಟ್ಟರೆ ಹಲ್ಲು ಶುದ್ಧವಾಗುತ್ತದೆಂದು ಯಾರೋ ಹೇಳಿದರು. ಕೊಬ್ಬರಿಯ ಸೀಮೆ ಅರಸೀಕೆರೆಯಲ್ಲಿ ಕಡಿಯಲು ಇನ್ನೇನು ಕೊಡುತ್ತಾರೆ? ಅತ್ತೆ ಅಟ್ಟದಿಂದ ಒಣಗಿದ ಉಂಡೆ ಕೊಬ್ಬರಿಯನ್ನೇ ಇಳಿಸಿ ಕೊಟ್ಟರು, ಅದೂ ಒಳ್ಳೆಯದನ್ನೇ ಆರಿಸಿ. ದೊರೆ ಖುಷಿಯಿಂದ ಕಚ್ಚಿದ. ಟಕ್ ಅಂತ ಸದ್ದಾಯಿತು. ಮುರಿದದ್ದು ಕೊಬ್ಬರಿಯಲ್ಲ.

ಡಾಕ್ಟರು ಬಾಯಿ ಪೂರ್ತಿ ಪರೀಕ್ಷಿಸಿ, ಮುರಿದ ಹಲ್ಲಿನ ಜೊತೆ ವಯಸ್ಸಿಗೆ ಅಲ್ಲಾಡುತ್ತಿದ್ದವನ್ನೂ ತೆಗೆಯಬೇಕೆಂದರು. ತೆಗೆದ ಮೇಲೆ ಉಳಿದದ್ದು ಇಲ್ಲವೆನ್ನುವಷ್ಟು ಕಡಿಮೆ. "ನನ್ನ ಕೈಯಾರೆ ಕೊಟ್ನಲ್ಲೇ" ಎಂದು ಅತ್ತೆ ಆಟೋದಲ್ಲಿ ದಾರಿಯುದ್ದಕ್ಕೂ ಅತ್ತರು. ಗಾಯ ಮಾಯಿತು. ದೊರೆ ಮಾತ್ರ ತಿನ್ನಲಿಲ್ಲ. ಹಾಲು ಅನ್ನ, ಇಡ್ಲಿ, ಏನಿಟ್ಟರೂ ಬಾಯಿಗೆ ತೆಗೆದುಕೊಂಡು, ಅಗಿಯಲು ಹೋಗಿ, ಬೆಚ್ಚಿ ಉಗುಳಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮುದುರಿಕೊಳ್ಳುತ್ತಿದ್ದ. ಪಕ್ಕೆಲುಬು ಕಾಣತೊಡಗಿತು. "ನೋವಿಲ್ಲಮ್ಮ, ಹೆದರಿಕೆ. ಆದ್ರೆ ಹೀಗೇ ಉಪವಾಸ ಬಿದ್ರೆ ಉಳಿಯಲ್ಲ" ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರದಂತಾಯಿತು.

ಆ ದಿನ ಸಂಜೆ ದೊರೆಯನ್ನು ನೋಡಲು ಅತ್ತೆಯ ಸಂಘದ ಹೆಂಗಸರೆಲ್ಲ ಬಂದು ಅಂಗಳದಲ್ಲಿ ಕೂತಿದ್ದರು. ಅತ್ತೆ ಅಡುಗೆಮನೆಯಿಂದ ಬಿಸಿ ಮುದ್ದೆ ತಂದರು. ಬಂದ್ ಮಾಡಿದ್ದ ಅದೇ ಮುದ್ದೆ! ಆರಿಸಿ, ಸಣ್ಣ ತುತ್ತು ಮಾಡಿ, ಹಾಲಲ್ಲಿ ಅದ್ದಿ ದೊರೆಯ ಮುಂದೆ ಹಿಡಿದರು. ಅವನು ಮುಖ ತಿರುಗಿಸಿದ. ಎಂದಿನಂತೆ ನನ್ನನ್ನು ಕರೆಯುತ್ತಾರೆಂದು ನಾನು ಎದ್ದೆ.

ಅತ್ತೆ ನನ್ನನ್ನು ಕರೆಯಲಿಲ್ಲ. ಅಷ್ಟೂ ಹೆಂಗಸರ ಎದುರಿಗೆ ಬಾಯಿಗೆ ಬೆರಳು ಹಾಕಿ, ಮೇಲಿನದನ್ನೂ ಕೆಳಗಿನದನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡರು! ಕೆನ್ನೆ ಒಳಗೆ ಹೋಗಿ ಅತ್ತೆಯ ಮುಖವೇ ಬದಲಾಯಿತು. ದೊರೆಯ ಮುಖ ತಮ್ಮತ್ತ ತಿರುಗಿಸಿ, ದೊಡ್ಡದಾಗಿ ಬಾಯಿ ತೆರೆದು ತೋರಿಸಿದರು.

"ನೋಡ್ಕೋ ಮಗ. ನಂಗೂ ಇಲ್ಲ. ಅಗೀಬ್ಯಾಡ ಕಣೋ, ನುಂಗು. ಹಿಂಗೆ."

ಒಂದು ತುತ್ತು ತಾವು ನುಂಗಿದರು. ದೊರೆ ಅವರ ಬಾಯಿಯನ್ನೇ ನೋಡಿದ, ಮೂಸಿದ. ಅತ್ತೆ ಇನ್ನೊಂದು ನುಂಗಿದರು. ಮೂರನೆಯ ತುತ್ತಿಗೆ ಅವನು ತಾನಾಗಿಯೇ ನಾಲಿಗೆ ಚಾಚಿದ. ಗುಳಕ್! ಮತ್ತೊಂದು. ಗುಳಕ್!

ಅತ್ತೆ ನಕ್ಕರು. ಸೆರಗಿಲ್ಲ, ಕೈ ಅಡ್ಡವಿಲ್ಲ, ಒಂದೂ ಹಲ್ಲಿಲ್ಲ. ಅಷ್ಟು ಚೆಂದದ ನಗುವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ. ನಗುನಗುತ್ತಲೇ ನನ್ನ ಕಡೆ ತಿರುಗಿ, ಒಂದು ತುತ್ತು ಮುರಿದು ನನ್ನ ಕೈಗಿಟ್ಟರು.

"ನಾಯೀನೇ ಕಲ್ತ್ಕೊಂಡ್ತು. ನೀನ್ ಯಾವಾಗ್ಲೇ ಕಲಿಯೋದು?"

ನಾನೂ ಅಗಿಯದೆ ನುಂಗಲು ನೋಡಿದೆ. ಈ ಸಲ ಗೋಡೆ ಕಡೆ ತಿರುಗಲಿಲ್ಲ, ತುತ್ತು ಇಳಿಯುವುದು ಸ್ವಲ್ಪ ತಡವಾಯಿತು.